ಕಡಿಮೆ ಖರ್ಚಿನಲ್ಲಿ ಕಾಸರಗೋಡು: ಕ್ರಮ ತಪ್ಪಿದರೆ ಕಾಸು ಹೋಯಿತು

ಬೆಂಗಳೂರಿನ ನಮ್ಮ ಭಾವ ಎರಡು ಸಲ ಕಾಸರಗೋಡು ನೋಡಲು ಬಂದ, ಎರಡು ಸಲವೂ ನೋಡದೆ ಹೋದ. ಮೊದಲ ಸಲ ಮಂಗಳೂರಿನಿಂದ ಬಾಡಿಗೆ ಕಾರು ಮಾಡಿ ಹನ್ನೊಂದೂವರೆಗೆ ಬೇಕಲ ಕೋಟೆ ತಲುಪಿದ. ನೆತ್ತಿ ಸುಡುವ ಬಿಸಿಲಿನಲ್ಲಿ ಅರ್ಧ ಗಂಟೆ ನಿಂತು, ಒಂದೂವರೆಗೆ ಮಧೂರು ದೇವಸ್ಥಾನಕ್ಕೆ ಬಂದು ಮುಚ್ಚಿದ ಬಾಗಿಲಿಗೆ ಕೈಮುಗಿದ. ಎರಡನೇ ಸಲ ಬುದ್ಧಿ ಕಲಿತು ಬಸ್ಸಿನಲ್ಲೇ ಬಂದ. ಬೇಕಲದಾಚೆಯ ಕಾಞಂಗಾಡಿನ ಬಸ್ಸು ಹತ್ತಿ, ಬೇಕಲ ಬರುತ್ತದೆ ಬರುತ್ತದೆ ಎಂದು ಕಾದು ಕಾದು ಕಾಞಂಗಾಡಿನಲ್ಲೇ ಇಳಿದ. ಬಸ್ಸು ಬೇರೆ ದಾರಿಯಲ್ಲಿ ಹೋಗಿತ್ತು.

ಇದು ಅವನೊಬ್ಬನ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. ಊರಿಗೆ ಬರುವ ಹತ್ತರಲ್ಲಿ ಏಳು ಮಂದಿ ಇದೇ ಎರಡು ಹೊಂಡಗಳಿಗೆ ಬೀಳುತ್ತಾರೆ. ಇಲ್ಲಿ ನೋಡುವಂಥದ್ದು ಬಹುಪಾಲು ಪುಕ್ಕಟೆ. ದುಡ್ಡು ಸೋರುವುದು ಟಿಕೆಟಿಗಲ್ಲ, ಹೊತ್ತು ತಪ್ಪಿ ದಿಕ್ಕು ತಪ್ಪಿ ಕೊನೆಗೆ ಆಟೋ, ಟ್ಯಾಕ್ಸಿ ಹಿಡಿಯಬೇಕಾಗಿ ಬಂದಾಗ. ಹಾಗಾಗಿ ಏನೇನು ಇದೆ ಎಂಬುದಕ್ಕಿಂತ ಯಾವುದರ ನಂತರ ಯಾವುದು ಎಂಬುದನ್ನೇ ಇಲ್ಲಿ ಹೆಚ್ಚು ಹೇಳಿದ್ದೇನೆ.

ಹಂತ 1: ಚೀಲಕ್ಕೆ ಏನು ಹಾಕಬೇಕು

ಚಿಲ್ಲರೆ. ಎಲ್ಲಕ್ಕಿಂತ ಮೊದಲು ಚಿಲ್ಲರೆ. ಖಾಸಗಿ ಬಸ್ಸಿನ ನಿರ್ವಾಹಕರಿಗೆ ಬೆಳಗ್ಗಿನ ಹೊತ್ತು ಐನೂರರ ನೋಟು ಕೊಟ್ಟರೆ ಅವರ ಮುಖ ನೋಡಲಾಗುವುದಿಲ್ಲ. ಹತ್ತು, ಇಪ್ಪತ್ತರ ನೋಟುಗಳು ಒಟ್ಟು ಇನ್ನೂರು ರೂಪಾಯಿಯಷ್ಟಾದರೂ ಇರಲಿ. ಎಲ್ಲ ಕಡೆ ಫೋನಿನಲ್ಲೇ ಕೊಡುತ್ತೇನೆ ಎಂಬ ಧೈರ್ಯ ಪೇಟೆಯ ಅಂಗಡಿಗಳಿಗೆ ಸರಿ, ಹಳ್ಳಿಯ ಬಸ್ಸಿಗೆ ಸಾಲದು.

ಎರಡನೆಯದು ಒಂದು ಬೈರಾಸು. ಬೆವರು ಒರೆಸಲು, ಬೀಚಿನಲ್ಲಿ ಹಾಸಿ ಕೂರಲು, ದೇವಸ್ಥಾನದಲ್ಲಿ ಗಂಡಸರು ಅಂಗಿ ತೆಗೆದಾಗ ಹೆಗಲ ಮೇಲೆ ಹಾಕಿಕೊಳ್ಳಲು ಒಂದೇ ಸಾಕು. ಚಡ್ಡಿ ಹಾಕಿಕೊಂಡು ಸುತ್ತುವವರು ಒಂದು ಪಂಚೆ ಇಟ್ಟುಕೊಳ್ಳಿ. ದೇವಸ್ಥಾನದ ಬಾಗಿಲಲ್ಲಿ ಪಂಚೆ ಹುಡುಕಿ ಕೊಳ್ಳಲು ಹೋಗಿ ಇನ್ನೂರು ಮುನ್ನೂರು ಕಳೆದುಕೊಂಡವರನ್ನು ನೋಡಿದ್ದೇನೆ.

ನೀರಿನ ಬಾಟಲಿ ಒಂದು ಸಾಕು. ಇಲ್ಲಿನ ಹೋಟೆಲುಗಳಲ್ಲಿ ಕುದಿಸಿದ ನೀರು ಪುಕ್ಕಟೆ ಸಿಗುತ್ತದೆ. ತಿಳಿಗೆಂಪು ಬಣ್ಣದಲ್ಲಿದ್ದರೆ ಹೆದರಬೇಡಿ, ಅದು ಪದಿಮುಖ ಎಂಬ ಮರದ ಚಕ್ಕೆ ಹಾಕಿ ಕುದಿಸಿದ್ದು. ಊಟ ಮಾಡಿದ ಹೋಟೆಲಿನಲ್ಲೇ ಕೇಳಿ ಬಾಟಲಿ ತುಂಬಿಸಿಕೊಳ್ಳಿ.

ಕೊಡೆ ಬಗ್ಗೆ ಹೇಳಲೇಬೇಕೇ? ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆಗೆ, ಉಳಿದ ತಿಂಗಳು ಬಿಸಿಲಿಗೆ. ಮಡಚುವ ಸಣ್ಣ ಕೊಡೆ ಇಲ್ಲಿನ ಗಾಳಿಮಳೆಗೆ ತಿರುಗಿ ಹೂವಾಗುತ್ತದೆ, ಗಟ್ಟಿ ಕಡ್ಡಿಯದ್ದೇ ತನ್ನಿ.

ಹಂತ 2: ಊರಿನ ಹೆಸರುಗಳನ್ನು ಸರಿಮಾಡಿಕೊಳ್ಳಿ

ಮನೆಯಲ್ಲೇ ಕೂತು ಮಾಡಬೇಕಾದ ಕೆಲಸ ಇದು. ಒಂದೇ ಊರಿಗೆ ಇಲ್ಲಿ ಎರಡು ಮೂರು ಹೆಸರು. ಕನ್ನಡಿಗರು ಹೊಸದುರ್ಗ ಎನ್ನುವ ಊರು ರೈಲಿನವರಿಗೆ, ಬಸ್ಸಿನವರಿಗೆ ಕಾಞಂಗಾಡ್. ರೈಲು ಟಿಕೆಟಿಗೆ ಹೊಸದುರ್ಗ ಎಂದು ಹುಡುಕಿದರೆ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ರೋಡ್ ಸಿಗುತ್ತದೆ! ನಿಲ್ದಾಣದ ಸಂಕೇತ ಹಾಕಿ ಹುಡುಕುವುದೇ ಕ್ಷೇಮ: ಕಾಸರಗೋಡಿಗೆ ಕೆಜಿಕ್ಯೂ, ಕಾಞಂಗಾಡಿಗೆ ಕೆಝಡ್‌ಇ.

ಕುಂಬಳೆ, ಮಂಜೇಶ್ವರ, ಬದಿಯಡ್ಕ ಕಡೆಗೆ ಅಂಗಡಿ ಫಲಕ, ನೋಟಿಸು, ಮಾತು ಎಲ್ಲದರಲ್ಲೂ ಕನ್ನಡ, ತುಳು ನಡೆಯುತ್ತದೆ. ಚಂದ್ರಗಿರಿ ಹೊಳೆ ದಾಟಿದ ಮೇಲೆ ಬಸ್ಸಿನ ಬೋರ್ಡು ಮಲಯಾಳವೇ. ಹಾಗಾಗಿ ಹೋಗಬೇಕಾದ ಊರಿನ ಹೆಸರನ್ನು ಮಲಯಾಳ ಅಕ್ಷರದಲ್ಲಿ ಫೋನಿನಲ್ಲಿ ಚಿತ್ರವಾಗಿ ಉಳಿಸಿಕೊಳ್ಳಿ. ಓದಲು ಬರಬೇಕಾಗಿಲ್ಲ, ಬೋರ್ಡಿನ ಜೊತೆ ಹೋಲಿಸಿ ನೋಡಿದರೆ ಸಾಕು.

ಕೇಳಲು ಮೂರು ಮಾತು ಸಾಕಾಗುತ್ತದೆ. "ಬೇಕಲ್ ಪೋಗುಮೋ?" ಎಂದರೆ ಬೇಕಲಕ್ಕೆ ಹೋಗುತ್ತದೆಯೇ. "ಎತ್ರ?" ಎಂದರೆ ಎಷ್ಟು. "ಇವಿಡೆ ಇರಙಣಂ" ಎಂದರೆ ಇಲ್ಲಿ ಇಳಿಯಬೇಕು. ಗಂಡಸರನ್ನು ಚೇಟ್ಟಾ, ಹೆಂಗಸರನ್ನು ಚೇಚಿ ಎಂದು ಕರೆದರೆ ಸಾಕು, ಅರ್ಧಕ್ಕರ್ಧ ಜನ ನಿಮ್ಮ ಉಚ್ಚಾರ ಕೇಳಿ ತಾವೇ ಕನ್ನಡಕ್ಕೆ ತಿರುಗುತ್ತಾರೆ.

ಹಂತ 3: ಕಾಸರಗೋಡು ತಲುಪುವುದು

ಬೆಂಗಳೂರಿನವರಿಗೆ ಹಾಸನ, ಮಂಗಳೂರು ಮೂಲಕ ಕಣ್ಣೂರಿಗೆ ಹೋಗುವ ರಾತ್ರಿ ರೈಲು ಇದೆ. ಬೆಳಿಗ್ಗೆ ಕಾಸರಗೋಡಿನಲ್ಲಿ ಇಳಿಸುತ್ತದೆ. ಒಂದು ರಾತ್ರಿಯ ಲಾಡ್ಜ್ ಬಾಡಿಗೆಯೂ ಉಳಿಯಿತು.

ಮಂಗಳೂರಿನಿಂದ ಬರುವವರಿಗೆ ದೂರ 46 ಕಿಲೋಮೀಟರ್. ಪ್ಯಾಸೆಂಜರ್ ರೈಲಿಗೆ ಒಂದು ಚಹಾದ ದುಡ್ಡು ಸಾಕು. ಎಕ್ಸ್‌ಪ್ರೆಸ್‌ನ ಸಾಮಾನ್ಯ ಬೋಗಿಗೆ ಕನಿಷ್ಠ ದರ 30 ರೂಪಾಯಿ, ಸೂಪರ್‌ಫಾಸ್ಟ್ ಆದರೆ ಇನ್ನೂ 15 ಸೇರುತ್ತದೆ. ಇಲ್ಲೊಂದು ಸಾಮಾನ್ಯ ತಪ್ಪು: ಪ್ಯಾಸೆಂಜರ್ ಟಿಕೆಟ್ ಹಿಡಿದು ಎದುರಿಗೆ ನಿಂತ ಎಕ್ಸ್‌ಪ್ರೆಸ್ ಹತ್ತುವುದು. ಹದಿನೈದು ಉಳಿಸಲು ಹೋಗಿ ಇನ್ನೂರೈವತ್ತಕ್ಕೂ ಮೇಲೆ ದಂಡ ಕಟ್ಟುತ್ತೀರಿ. ಯಾವ ರೈಲು ಎಂದು ಖಚಿತ ಮಾಡಿಕೊಂಡು ಆಮೇಲೆ ಟಿಕೆಟ್ ತೆಗೆಯಿರಿ. ಹತ್ತಿರದ ಊರಿನ ಕಾಯ್ದಿರಿಸದ ಟಿಕೆಟ್ ತೆಗೆದ ಮೇಲೆ ಮೂರು ಗಂಟೆಯೊಳಗೆ ಹೊರಡಬೇಕು, ಬೆಳಿಗ್ಗೆಯೇ ತೆಗೆದಿಟ್ಟುಕೊಂಡು ಮಧ್ಯಾಹ್ನ ಹೊರಡುವ ಹಾಗಿಲ್ಲ. ಆ್ಯಪ್‌ನಲ್ಲಿ ತೆಗೆಯುವವರು ನಿಲ್ದಾಣದ ಹೊರಗೆ ನಿಂತೇ ತೆಗೆಯಿರಿ. ಪ್ಲಾಟ್‌ಫಾರ್ಮಿಗೆ ಬಂದು ಒತ್ತಿದರೆ ಕಾಗದರಹಿತ ಟಿಕೆಟ್ ಕೊಡುವುದಿಲ್ಲ.

ಮಂಗಳೂರಿನಲ್ಲಿ ಎರಡು ನಿಲ್ದಾಣ ಇರುವುದೂ ನೆನಪಿರಲಿ. ಈ ಕಡೆಯ ಪ್ಯಾಸೆಂಜರ್‌ಗಳು ಹೊರಡುವುದು ಸೆಂಟ್ರಲ್‌ನಿಂದ. ಜಂಕ್ಷನ್ ಇರುವುದು ಕಂಕನಾಡಿ ಕಡೆ.

ಬಸ್ಸು ಬೇಕೆನ್ನುವವರಿಗೆ ಎರಡೂ ರಾಜ್ಯದ ಸರ್ಕಾರಿ ಬಸ್ಸುಗಳು ಮಂಗಳೂರು–ಕಾಸರಗೋಡು ಮಧ್ಯೆ ದಿನವಿಡೀ ಓಡುತ್ತವೆ. ಅಕ್ಕಂದಿರು ಒಂದು ಮಾತು ಕೇಳಿ: ಶಕ್ತಿ ಯೋಜನೆ ನಂಬಿ ಬರಬೇಡಿ, ಕಾಸರಗೋಡಿಗೆ ಟಿಕೆಟ್ ತೆಗೆಯಲೇಬೇಕು. ಹೆದ್ದಾರಿ ಆರು ಪಥವಾದ ಮೇಲೆ ಬಸ್ಸು ನಿಲ್ಲುವುದು ಪಕ್ಕದ ಸರ್ವೀಸ್ ರಸ್ತೆಯಲ್ಲಿ. ಮೊದಲು ರಸ್ತೆ ದಾಟಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಗೋಡೆ ಇದೆ. ಎದುರು ಬದಿಗೆ ಹೋಗಬೇಕಾದರೆ ಅಂಡರ್‌ಪಾಸ್ ಹುಡುಕಬೇಕು, ಅದಕ್ಕೆ ಹತ್ತು ನಿಮಿಷ ಹೆಚ್ಚೇ ಇಟ್ಟುಕೊಳ್ಳಿ.

ಹಂತ 4: ಬೆಳಗ್ಗೆ ದೇವಸ್ಥಾನ

ದಿನದ ಕ್ರಮ ಇಷ್ಟೇ: ಬೆಳಗ್ಗೆ ದೇವಸ್ಥಾನ, ಮಧ್ಯಾಹ್ನ ಊಟ ಮತ್ತು ಪ್ರಯಾಣ, ಮೂರೂವರೆ ಮೇಲೆ ಕೋಟೆ, ಕೊನೆಗೆ ಸಮುದ್ರ. ಇದನ್ನು ತಿರುಗಿಸಿದವರೆಲ್ಲ ಸೋತಿದ್ದಾರೆ. ಕಾರಣ ಸರಳ, ಇಲ್ಲಿನ ದೇವಸ್ಥಾನಗಳ ಬಾಗಿಲು ಮಧ್ಯಾಹ್ನ ಹನ್ನೆರಡೂವರೆ ಒಂದರ ಹೊತ್ತಿಗೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆ ಐದರ ಮೇಲೆ. ಕೋಟೆಗೆ ಅಂಥ ತೊಂದರೆ ಇಲ್ಲ, ಆದರೆ ನೆರಳಿಲ್ಲ.

ಪೇಟೆಯಿಂದ ಮಧೂರಿಗೆ ಸುಮಾರು 8 ಕಿ.ಮೀ. ಖಾಸಗಿ ಬಸ್ಸುಗಳಿವೆ. ಕೇರಳದ ಸಾಮಾನ್ಯ ಬಸ್ಸಿನ ಲೆಕ್ಕ ಹೀಗೆ: ಮೊದಲ ಎರಡೂವರೆ ಕಿಲೋಮೀಟರಿಗೆ ಕನಿಷ್ಠ 10 ರೂಪಾಯಿ, ಆಮೇಲೆ ಕಿಲೋಮೀಟರಿಗೆ ಒಂದರಂತೆ. ಇದು ಗೊತ್ತಿದ್ದರೆ ಎಲ್ಲಿಗೆ ಎಷ್ಟಾಗುತ್ತದೆ ಎಂದು ನೀವೇ ಮನಸ್ಸಿನಲ್ಲಿ ಹಾಕಿಕೊಳ್ಳಬಹುದು. ಮಧೂರಿಗೆ ಹದಿನಾರರ ಹತ್ತಿರ. ಆಟೋದ ಕನಿಷ್ಠ ದರ 30, ಅದು ಒಂದೂವರೆ ಕಿಲೋಮೀಟರಿಗೆ. ರೈಲು ನಿಲ್ದಾಣದಿಂದ ಹಳೆ ಬಸ್ ನಿಲ್ದಾಣದ ಕಡೆಗೆ ಹೋಗಲು ಆಟೋ ಹತ್ತುವ ಮೊದಲು ಈ ಲೆಕ್ಕ ಬಾಯಲ್ಲಿರಲಿ. ಹಗುರ ಚೀಲವಾದರೆ ನಡೆದೇ ಹೋಗಬಹುದು.

ಮಧೂರಿನ ಗರ್ಭಗುಡಿಯ ಹಿಂಭಾಗ ಆನೆಯ ಬೆನ್ನಿನಂತೆ ದುಂಡಗಿದೆ, ಮೂರು ಅಂತಸ್ತು. ಒಂದು ಸುತ್ತು ಪ್ರದಕ್ಷಿಣೆ ಹಾಕಿ ಹೊರಬರಬೇಡಿ. ಹಿಂದೆ ನಿಂತು ಮಾಡು ನೋಡಿ, ಮರದ ಕೆತ್ತನೆ ನೋಡಿ. ಮದನಂತೇಶ್ವರ ಶಿವ ಮೂಲದೇವರಾದರೂ ಜನ ಬರುವುದು ಗಣಪತಿಗೆ, ಗಣಪತಿಯ ಅಪ್ಪಕ್ಕೆ. ಅಪ್ಪ ಬೇಕೆಂದರೆ ಬಂದ ಕೂಡಲೇ ಕೌಂಟರಿನಲ್ಲಿ ಚೀಟಿ ಮಾಡಿಸಿ ಆಮೇಲೆ ದರ್ಶನಕ್ಕೆ ನಿಲ್ಲಿ, ಹೊರಡುವಾಗ ಕೇಳಿದರೆ ಮುಗಿದಿರುತ್ತದೆ. ಪ್ರವೇಶಕ್ಕೆ ದುಡ್ಡಿಲ್ಲ.

ಎಚ್ಚರಿಕೆಯ ಗುರುತು: ಎದುರಿಗೆ ಹರಿಯುವ ಮಧುವಾಹಿನಿ ಹೊಳೆ. ಜೋರು ಮಳೆಗಾಲದಲ್ಲಿ ಈ ಹೊಳೆ ಉಕ್ಕಿ ದೇವಸ್ಥಾನದ ಅಂಗಳಕ್ಕೇ ನೀರು ನುಗ್ಗುವುದುಂಟು. ರಾತ್ರಿಯಿಡೀ ಬಿಡದೆ ಮಳೆ ಸುರಿದಿದ್ದರೆ ಮಧೂರನ್ನು ಆ ದಿನಕ್ಕೆ ಬಿಟ್ಟು ಪೇಟೆ ನಡುವಿನ ಮಲ್ಲಿಕಾರ್ಜುನ ದೇವಸ್ಥಾನಕ್ಕೆ ಹೋಗಿ.

ಬೆಳಗ್ಗೆ ಇನ್ನೂ ಸಮಯವಿದ್ದರೆ ತಳಂಗರೆಯ ಮಾಲಿಕ್ ದೀನಾರ್ ಮಸೀದಿ ರೈಲು ನಿಲ್ದಾಣದಿಂದ ನಡೆಯುವಷ್ಟು ದೂರದಲ್ಲಿದೆ. ಒಳಗೆ ಎಲ್ಲಿವರೆಗೆ ಹೋಗಬಹುದು ಎಂದು ಕೇಳಿಯೇ ಹೋಗಿ. ಕೈಕಾಲು ಮುಚ್ಚುವ ಬಟ್ಟೆ ಇರಲಿ. ಶುಕ್ರವಾರ ಮಧ್ಯಾಹ್ನ ಬೇಡ, ಜುಮಾ ನಮಾಜಿನ ಜನಸಂದಣಿ ಇರುತ್ತದೆ.

ಹಂತ 5: ಊಟ

ಹನ್ನೆರಡೂವರೆಗೆ ಪೇಟೆಗೆ ವಾಪಸು ಬಂದು ಉಣ್ಣಿ. ಬೇಕಲದ ಕಡೆ ಉಣ್ಣೋಣ ಎಂದು ಮುಂದೂಡಬೇಡಿ. ಪ್ರವಾಸಿಗರಿಗೆಂದೇ ತೆರೆದ ಜಾಗಗಳಲ್ಲಿ ಅದೇ ಅನ್ನ ಸಾರಿಗೆ ಹೆಚ್ಚು ಕೊಡಬೇಕಾಗುತ್ತದೆ.

ಕೇರಳದ ಸ್ವಸಹಾಯ ಸಂಘಗಳ ಜಾಲವಾದ ಕುಟುಂಬಶ್ರೀಯ ಮಹಿಳೆಯರು ನಡೆಸುವ ಜನಕೀಯ ಹೋಟೆಲುಗಳು ಅಗ್ಗದ ಊಟಕ್ಕೆ ಮೊದಲ ಆಯ್ಕೆ. ಇಪ್ಪತ್ತು ರೂಪಾಯಿ ಊಟ ಎಂಬ ಹಳೆ ಸುದ್ದಿ ಇನ್ನೂ ಓಡಾಡುತ್ತಿದೆ. 2023ರಲ್ಲಿ ಸರ್ಕಾರದ ಸಹಾಯಧನ ನಿಂತ ಮೇಲೆ ದರ ಏರಿದೆ, ಆದರೂ ಬೇರೆ ಹೋಟೆಲಿಗಿಂತ ಕಡಿಮೆಯೇ. ಒಂದೂವರೆ ಆಗುವಾಗ ಪಾತ್ರೆ ಖಾಲಿ, ಬೇಗ ಹೋಗಿ. ಬಡಿಸುವುದು ಕುಚ್ಚಲಕ್ಕಿ ಅನ್ನ. ಘಟ್ಟದ ಮೇಲಿನವರಿಗೆ ಮೊದಲ ತುತ್ತಿಗೆ ಬೇಯದ ಹಾಗೆ ಅನಿಸಬಹುದು. ಅದು ಹಾಗೆಯೇ ಇರುವುದು, ತಿಳಿ ಸಾರು ಹಾಕಿಸಿ ಕಲಸಿ ಉಂಡು ನೋಡಿ.

ತಿಂಡಿಗೆ ಪುಟ್ಟು–ಕಡಲೆ, ನೀರುದೋಸೆ, ಗೋಳಿಬಜೆ. ಮೀನು ತಿನ್ನುವವರು ಸ್ಪೆಷಲ್ ಹೇಳುವ ಮೊದಲು ಬೆಲೆ ಕೇಳಿ. ಊಟದ ಜೊತೆ ಬರುವ ಮೀನು ಸಾರಿಗೆ ಬೇರೆ ದುಡ್ಡಿಲ್ಲ, ತಟ್ಟೆಯ ಬದಿಗೆ ಬರುವ ಕಾಯಿಸಿದ ಮೀನಿಗೆ ಇದೆ. ಆ ಒಂದು ತುಂಡು ಊಟದಷ್ಟೇ ಬೆಲೆಯಾದದ್ದುಂಟು.

ರಂಜಾನ್ ತಿಂಗಳಲ್ಲಿ ಬರುವವರಿಗೆ ಇನ್ನೊಂದು ಮಾತು. ಪೇಟೆಯ ಎಷ್ಟೋ ಹೋಟೆಲುಗಳು ಹಗಲು ಮುಚ್ಚಿರುತ್ತವೆ. ಬುತ್ತಿ ಕಟ್ಟಿಕೊಂಡು ಬನ್ನಿ, ಅಥವಾ ತೆರೆದಿರುವ ಸಸ್ಯಾಹಾರಿ ಹೋಟೆಲು ಎಲ್ಲಿದೆ ಎಂದು ಬೆಳಗ್ಗೆಯೇ ವಿಚಾರಿಸಿ. ಸಂಜೆಯ ಮೇಲೆ ಬೀದಿಯ ತಿಂಡಿಗೆ ಮಾತ್ರ ಆ ತಿಂಗಳಿನಷ್ಟು ಒಳ್ಳೆಯ ಕಾಲ ಬೇರೊಂದಿಲ್ಲ.

ಹಂತ 6: ಚಂದ್ರಗಿರಿ ದಾರಿಯ ಬಸ್ಸು

ಭಾವ ಸೋತ ಜಾಗ ಇದು. ಕಾಸರಗೋಡಿನಿಂದ ಕಾಞಂಗಾಡಿಗೆ ಎರಡು ದಾರಿ. ಒಂದು ಹೆದ್ದಾರಿ: ಚೆರ್ಕಳ, ಚಟ್ಟಂಚಾಲ್, ಪೊಯಿನಾಚಿ, ಪೆರಿಯ. ಇನ್ನೊಂದು ಕರಾವಳಿ ರಸ್ತೆ: ಚಂದ್ರಗಿರಿ ಸೇತುವೆ, ಮೇಲ್ಪರಂಬ, ಉದುಮ, ಪಾಲಕ್ಕುನ್ನು, ಬೇಕಲ. ಎರಡೂ ಬಸ್ಸಿನ ಬೋರ್ಡಿನಲ್ಲಿ ದೊಡ್ಡದಾಗಿ ಕಾಣುವುದು ಕಾಞಂಗಾಡ್ ಎಂದೇ. ಹತ್ತುವ ಮೊದಲು "ಚಂದ್ರಗಿರಿ ವಳಿಯೋ?" ಎಂದು ಕೇಳಿ. ಹೂಂ ಎಂದರೆ ಮಾತ್ರ ಹತ್ತಿ.

ತಪ್ಪಿ ಹತ್ತಿದಿರಿ ಎಂದು ತಿಳಿಯುವುದು ಹೇಗೆ? ಪೇಟೆ ಬಿಟ್ಟು ಐದು ನಿಮಿಷದಲ್ಲಿ ಅಗಲವಾದ ಹೊಳೆಯ ಮೇಲಿನ ಸೇತುವೆ ಬಂದು, ಪಶ್ಚಿಮಕ್ಕೆ ಸಮುದ್ರದ ಬೆಳಕು ಕಂಡರೆ ಸರಿಯಾದ ಬಸ್ಸು. ವಿದ್ಯಾನಗರ ಎಂಬ ಬೋರ್ಡು ಕಂಡರೆ ಹೆದ್ದಾರಿ ದಾರಿ ಹಿಡಿದಿದ್ದೀರಿ, ಅಲ್ಲೇ ಇಳಿದು ಪೇಟೆಗೆ ವಾಪಸು ಬನ್ನಿ. ಹತ್ತು ರೂಪಾಯಿಗೆ ತಪ್ಪು ತಿದ್ದಿಹೋಗುತ್ತದೆ.

ಎರಡು ಗಂಟೆಯ ಬಿಸಿಲಿಗೆ ನೇರ ಬೇಕಲಕ್ಕೆ ಹೋಗಬೇಡಿ. ಮೇಲ್ಪರಂಬದಲ್ಲಿ ಇಳಿದು ಚಂದ್ರಗಿರಿ ಕೋಟೆ ನೋಡಿ. ಇದಕ್ಕೆ ಪ್ರವೇಶ ಶುಲ್ಕವಿಲ್ಲ. ಸುಮಾರು 7 ಎಕರೆಯ ಚೌಕಾಕಾರದ ಮುರಕಲ್ಲಿನ (ಜಂಬಿಟ್ಟಿಗೆಯ) ಕೋಟೆ. ಗೋಡೆಯ ಮೇಲೆ ನಿಂತರೆ ಪಯಸ್ವಿನಿ ಎಂದೂ ಕರೆಯುವ ಚಂದ್ರಗಿರಿ ಹೊಳೆ ತೆಂಗಿನ ತೋಟಗಳ ನಡುವೆ ತಿರುಗಿ ಸಮುದ್ರ ಸೇರುವುದು ಕಾಣುತ್ತದೆ. ಹೆಚ್ಚಿನ ದಿನ ನೀವು, ನಾಲ್ಕು ಆಡು, ಇಬ್ಬರು ಕಾಲೇಜು ಹುಡುಗರು ಬಿಟ್ಟರೆ ಯಾರೂ ಇರುವುದಿಲ್ಲ. ನನ್ನನ್ನು ಕೇಳಿದರೆ ಬೇಕಲಕ್ಕಿಂತ ಇದೇ ಒಂದು ಗುಲಗಂಜಿ ತೂಕ ಹೆಚ್ಚು. ಹುಲ್ಲು ಬೆಳೆದ ಕಡೆ ಮಾತ್ರ ಕಾಲಿಡುವಾಗ ನೋಡಿ ಇಡಿ. ಹುಲ್ಲಿನಡಿ ಹೊಂಡ ಇರಬಹುದು, ಹಾವೂ ಇರಬಹುದು.

ಹಂತ 7: ಬೇಕಲ ಕೋಟೆ ಮತ್ತು ಸಮುದ್ರ

ಮೂರೂವರೆ ನಾಲ್ಕಕ್ಕೆ ಬೇಕಲದಲ್ಲಿ ಇಳಿಯಿರಿ. ಪುರಾತತ್ವ ಸರ್ವೇಕ್ಷಣೆಯವರ ಟಿಕೆಟ್ ಭಾರತೀಯರಿಗೆ 25 ರೂಪಾಯಿ, ಆನ್‌ಲೈನ್ ಆದರೆ 20. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಏಪ್ರಿಲ್ 18ರ ವಿಶ್ವ ಪಾರಂಪರಿಕ ದಿನದಂದು ಇಲಾಖೆಯ ಸ್ಮಾರಕಗಳಿಗೆ ಪ್ರವೇಶ ಪುಕ್ಕಟೆ. ಆದರೆ ಅಂದು ಗಲಾಟೆ ಜಾಸ್ತಿ, ಇಪ್ಪತ್ತೈದು ರೂಪಾಯಿಗೋಸ್ಕರ ಆ ದಿನ ಹುಡುಕಿ ಬರುವುದು ಬೇಡ. ಐದು ಗಂಟೆಯ ಮೇಲೆ ಬಂದರೆ ಒಳಗೆ ಬಿಟ್ಟ ಕೂಡಲೇ ಹೊರಡಿಸುತ್ತಾರೆ. ಸೂರ್ಯಾಸ್ತ ಕೋಟೆಯ ಒಳಗಿನಿಂದಲೇ ನೋಡುತ್ತೇನೆ ಎಂದು ಹಟ ಹಿಡಿದವರು ಸಿಬ್ಬಂದಿಯ ಸೀಟಿ ಕೇಳುತ್ತಾ ಓಡಿದ್ದನ್ನು ನೋಡಿದ್ದೇನೆ.

40 ಎಕರೆಗೂ ಮೀರಿದ ಜಾಗ, ಒಳಗೂ ಕ್ರಮ ಬೇಕು. ಬಾಗಿಲಿನ ಹತ್ತಿರದ ಮುಖ್ಯಪ್ರಾಣ ಗುಡಿ, ಅಲ್ಲಿಂದ ಇಳಿಜಾರು ಹಾದಿಯಲ್ಲಿ ಏರುವ ನಡುವಿನ ವೀಕ್ಷಣಾ ಬುರುಜು. ಮೇಲೆ ನಿಂತು ಒಮ್ಮೆ ಸುತ್ತ ನೋಡಿದರೆ ಎಲ್ಲಿಗೆ ಹೋಗಬೇಕು ಎಂದು ತಾನೇ ತಿಳಿಯುತ್ತದೆ. ಆಮೇಲೆ ಮೆಟ್ಟಿಲುಗಳಿರುವ ಕೆರೆ, ಕೊನೆಗೆ ಪಶ್ಚಿಮದ ಗೋಡೆಗುಂಟ ಸಮುದ್ರದ ಬದಿ. ಎಲ್ಲರೂ ಮಾಡುವ ತಪ್ಪೆಂದರೆ ಒಳಹೊಕ್ಕ ಕೂಡಲೇ ಸಮುದ್ರದ ಕಡೆ ಓಡಿ, ಅಲ್ಲೇ ಫೋಟೋ ತೆಗೆಯುತ್ತಾ ಹೊತ್ತು ಕಳೆದು, ಬುರುಜು ಹತ್ತದೆ ಬರುವುದು.

ಎಚ್ಚರಿಕೆ ಹೇಳಲೇಬೇಕಾದ ಜಾಗವೂ ಇದೇ. ಮುರಕಲ್ಲು ಒಣಗಿದಾಗ ಕಾಲಿಗೆ ಹಿಡಿತ ಕೊಡುತ್ತದೆ, ಮಳೆಗಾಲದಲ್ಲಿ ಪಾಚಿ ಕಟ್ಟಿದರೆ ಎಣ್ಣೆ ಸುರಿದ ಹಾಗೆ ಜಾರುತ್ತದೆ. ಕಪ್ಪಗೆ ಹೊಳೆಯುವ ಕಲ್ಲು ಕಂಡರೆ ಅದರ ಮೇಲೆ ಹೆಜ್ಜೆ ಇಡಬೇಡಿ. ಗೋಡೆಯ ಮೇಲೆ ಎಲ್ಲ ಕಡೆ ಕಂಬಿ ಇಲ್ಲ, ಮಕ್ಕಳ ಕೈ ಬಿಡಬೇಡಿ. ಹೊರಗಿನ ಬಂಡೆಗಳಿಗೆ ಇಳಿಯುವವರು ಅಲೆ ಬಂದು ಹೋದ ಒದ್ದೆ ಗೆರೆ ಎಲ್ಲಿವರೆಗಿದೆ ಎಂದು ನೋಡಿ. ಕೂತ ಜಾಗ ಒದ್ದೆಯಾಗಿದ್ದರೆ ಅಲೆ ಅಲ್ಲಿಗೂ ಬರುತ್ತದೆ ಎಂದೇ ಅರ್ಥ.

ಕೋಟೆ ಬಿಟ್ಟ ಮೇಲೆ ಸೂರ್ಯ ಮುಳುಗುವುದನ್ನು ನೋಡಲು ಪಳ್ಳಿಕ್ಕರೆ ಬೀಚು ಪಕ್ಕದಲ್ಲೇ ಇದೆ. ಉದ್ಯಾನ ಮಾಡಿರುವ ಭಾಗಕ್ಕೆ ಸಣ್ಣ ಟಿಕೆಟ್ ಉಂಟು. ಜನ ಬೇಡ ಎನ್ನುವವರು ಉದುಮದ ಕಾಪ್ಪಿಲ್ ಬೀಚಿಗೆ ಹೋಗಿ. ಜೂನ್, ಜುಲೈ, ಆಗಸ್ಟಿನಲ್ಲಿ ನೀರಿಗೆ ಇಳಿಯಲೇಬೇಡಿ. ಉಳಿದ ತಿಂಗಳಲ್ಲೂ ಮೀನುಗಾರರು ದೋಣಿ ಮೇಲೆಳೆದು ಇಟ್ಟಿದ್ದಾರೆಂದರೆ ಸಮುದ್ರ ಸರಿಯಿಲ್ಲ ಎಂದು ತಿಳಿಯಿರಿ.

ವಾಪಸು ಹೋಗುವಾಗ ಬೇಕಲ ಫೋರ್ಟ್ ಎಂಬ ರೈಲು ನಿಲ್ದಾಣ ನಕ್ಷೆಯಲ್ಲಿ ಹತ್ತಿರವೇ ಕಾಣುತ್ತದೆ. ಅಲ್ಲಿ ನಿಲ್ಲುವುದು ಕೆಲವೇ ರೈಲು. ಸಮಯ ನೋಡದೆ ಹೋಗಿ ಕೂತರೆ ಎಕ್ಸ್‌ಪ್ರೆಸ್ಸುಗಳು ಧೂಳೆಬ್ಬಿಸಿ ಹೋಗುವುದನ್ನು ಎಣಿಸಬೇಕು, ಅಷ್ಟೇ. ಉತ್ತರಕ್ಕೆ ಕಾಸರಗೋಡು ಸುಮಾರು 16 ಕಿ.ಮೀ., ದಕ್ಷಿಣಕ್ಕೆ ಕಾಞಂಗಾಡು 12. ಬಸ್ಸಿನಲ್ಲಿ ಇವೆರಡರಲ್ಲಿ ಒಂದಕ್ಕೆ ಹೋಗಿ ರೈಲು ಹತ್ತಿ.

ಒಂದು ದಿನದ ಲೆಕ್ಕ ಹಾಕೋಣ. ಮಂಗಳೂರಿನಿಂದ ಎಕ್ಸ್‌ಪ್ರೆಸ್ ಹೋಗಿಬರಲು 60, ಮಧೂರಿಗೆ ಹೋಗಿಬರಲು 32, ಬೇಕಲಕ್ಕೆ ಹೋಗಿಬರಲು ಐವತ್ತು, ನಡುವೆ ಮೇಲ್ಪರಂಬದಲ್ಲಿ ಇಳಿದು ಹತ್ತಿದ್ದಕ್ಕೆ ಇನ್ನೊಂದು ಹತ್ತು, ಕೋಟೆಗೆ 25, ತಿಂಡಿ ಊಟ ಚಹಾ ಸೇರಿ ನೂರೈವತ್ತರಿಂದ ಇನ್ನೂರು. ನಾನೂರು ದಾಟುವುದಿಲ್ಲ. ಭಾವನ ಮೊದಲ ಸಲದ ಬಾಡಿಗೆ ಕಾರಿಗೆ ಹೋದದ್ದು ಇದರ ಎಂಟು ಪಟ್ಟು. ಈಗಲೂ ನೆನಪಿಸಿದರೆ ಮುಖ ಊದಿಸುತ್ತಾನೆ.

ಹಂತ 8: ಎರಡನೇ ದಿನ ಉತ್ತರಕ್ಕೆ ಮುಖ ಮಾಡಿ

ಎರಡನೇ ದಿನ ಮತ್ತೆ ದಕ್ಷಿಣಕ್ಕೆ ಹೋಗಬೇಡಿ. ಕುಂಬಳೆಯಿಂದ ಶುರುಮಾಡಿ ಮಂಗಳೂರಿನ ಕಡೆಗೆ ಸಾಗುತ್ತಾ ಬಂದರೆ ದಾರಿ ಸವೆದಂತೆ ಮನೆಯೂ ಹತ್ತಿರವಾಗುತ್ತದೆ.

ಅನಂತಪುರದ ಸರೋವರ ಕ್ಷೇತ್ರ ಕುಂಬಳೆಯಿಂದ ಸುಮಾರು 5 ಕಿ.ಮೀ. ಬದಿಯಡ್ಕದ ಬಸ್ಸು ಹತ್ತಿ ನಾಯ್ಕಾಪಿನಲ್ಲಿ ಇಳಿದು, ಅಲ್ಲಿಂದ ಪದವಿನ (ಬೋಳು ಬಯಲುಗುಡ್ಡದ) ಮೇಲೆ ನಡೆಯಬೇಕು ಅಥವಾ ಆಟೋ. ಬೆಳಿಗ್ಗೆ ಎಂಟಕ್ಕೆ ನಡೆದರೆ ಗಾಳಿ ಚೆನ್ನ, ಹನ್ನೊಂದಕ್ಕೆ ನಡೆದರೆ ಪಾರೆಕಲ್ಲಿನ ಕಾವು ಮುಖಕ್ಕೆ ರಾಚುತ್ತದೆ. ಬಬಿಯಾ ಮೊಸಳೆಯನ್ನು ನೋಡಲೆಂದು ಈಗಲೂ ಬರುವವರಿದ್ದಾರೆ. ಅದು 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ಮರುವರ್ಷ ನವೆಂಬರಿನಲ್ಲಿ ಬೇರೊಂದು ಮರಿ ಮೊಸಳೆ ಕೆರೆಯಲ್ಲಿ ಕಾಣಿಸಿಕೊಂಡಿದೆ, ಆದರೆ ಅದು ಕರೆದಾಗ ಬರುವ ಜಾತಿಯದ್ದಲ್ಲ. ಕೆರೆಗೆ ಕಾಲು ಇಳಿಬಿಟ್ಟು ಕೂರುವುದು, ಅಕ್ಕಿ ಬೆಲ್ಲ ಎಸೆಯುವುದು ಬೇಡವೇ ಬೇಡ. ಕಡುಶರ್ಕರ ಪಾಕ ಎಂಬ ಔಷಧೀಯ ಮಿಶ್ರಣದ ಮೂರ್ತಿಗಳಿಗೆ ಹೆಸರಾದ ಕ್ಷೇತ್ರ ಇದು, ನಿಧಾನವಾಗಿ ನೋಡಿ.

ಮಧ್ಯಾಹ್ನದ ಹೊತ್ತಿಗೆ ಮಂಜೇಶ್ವರ. ಗೋವಿಂದ ಪೈಗಳ ಮನೆ ಈಗ ಗಿಳಿವಿಂಡು ಎಂಬ ಸ್ಮಾರಕ. ಕನ್ನಡ ಓದುವವರು ಇಷ್ಟು ದೂರ ಬಂದು ಇದನ್ನು ಬಿಟ್ಟು ಹೋಗುವುದು ಸರಿಯಲ್ಲ ಎಂಬುದು ನನ್ನ ಮತ. ರಜಾ ದಿನಗಳಲ್ಲಿ ಬಾಗಿಲು ಹಾಕಿರಬಹುದು, ವಾರದ ದಿನ ಹಗಲು ಹೊತ್ತು ಹೋಗಿ. ಸಂಜೆಗೆ ಕುಂಜತ್ತೂರು ಹತ್ತಿರದ ಕಣ್ವತೀರ್ಥ ಬೀಚು, ಅಲ್ಲಿಂದ ತಲಪಾಡಿಗೆ ಕೂಗಳತೆ ದೂರ. ತಲಪಾಡಿಯಿಂದ ಮಂಗಳೂರಿಗೆ ಸಿಟಿ ಬಸ್ಸುಗಳಿವೆ.

ಗುಡ್ಡ ಹತ್ತುವ ಹುಮ್ಮಸ್ಸಿದ್ದರೆ ಮಂಜೇಶ್ವರದ ಬದಲಿಗೆ ಪೊಸಡಿ ಗುಂಪೆ. ಬಂದ್ಯೋಡಿನಿಂದ ಧರ್ಮತ್ತಡ್ಕದ ಬಸ್ಸು. ಎತ್ತರ ಸುಮಾರು 1,060 ಅಡಿ, ದುಡ್ಡು ಕೊಡಬೇಕಾಗಿಲ್ಲ, ಆಕಾಶ ತಿಳಿಯಾಗಿದ್ದರೆ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಘಟ್ಟದ ಸಾಲು. ಮೇಲೆ ಮರವಿಲ್ಲ, ಅಂಗಡಿಯಿಲ್ಲ, ನೀರಿಲ್ಲ. ಅಕ್ಟೋಬರ್, ನವೆಂಬರಿನ ತುಲಾಮಳೆ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನೊಂದಿಗೆ ಬರುತ್ತದೆ. ಪೂರ್ವದಲ್ಲಿ ಮೋಡ ಕಪ್ಪಾಗುತ್ತಾ ಬಂತೆಂದರೆ ಫೋಟೋ ಬಿಟ್ಟು ಇಳಿಯಿರಿ. ಬೋಳುಗುಡ್ಡದಲ್ಲಿ ಸಿಡಿಲಿಗೆ ಎತ್ತರದ ವಸ್ತು ನೀವೇ.

ರಾಣಿಪುರ ಎಂಬ ಗುಡ್ಡದ ಬಗ್ಗೆ ತುಂಬಾ ಮಂದಿ ಕೇಳುತ್ತಾರೆ. ಚಂದವೇ. ಆದರೆ ಕಾಞಂಗಾಡಿನಿಂದ ಒಳನಾಡಿಗೆ 45 ಕಿಲೋಮೀಟರಿಗೂ ಹೆಚ್ಚು, ಅರಣ್ಯ ಇಲಾಖೆಗೆ ಶುಲ್ಕ ಕಟ್ಟಬೇಕು, ಬಸ್ಸು ಅಪರೂಪ, ಮಳೆಗಾಲದಲ್ಲಿ ಉಂಬುಳ (ಜಿಗಣೆ). ಅದಕ್ಕೇ ಒಂದು ಪೂರ್ತಿ ದಿನ ಇಟ್ಟರೆ ಮಾತ್ರ ಹೋಗಿ. ಹೌಸ್‌ಬೋಟಿನ ವಿಷಯ ನಾನು ಹೇಳುವುದಿಲ್ಲ, ಅದು ಈ ಬಜೆಟ್ಟಿನದ್ದಲ್ಲ.

ಹಂತ 9: ರಾತ್ರಿ ಉಳಿಯುವವರಿಗೆ

ಬೇಕಲದಲ್ಲಿ ರೂಮು ಹುಡುಕಬೇಡಿ, ಅಲ್ಲಿರುವುದು ಹೆಚ್ಚಾಗಿ ರೆಸಾರ್ಟುಗಳು. ಕಾಸರಗೋಡಿನ ಹಳೆ ಬಸ್ ನಿಲ್ದಾಣದ ಸುತ್ತ ಅಥವಾ ಕಾಞಂಗಾಡು ಪೇಟೆಯಲ್ಲಿ ಸಾಧಾರಣ ಲಾಡ್ಜುಗಳಿವೆ. ದುಡ್ಡು ಕೊಡುವ ಮೊದಲು ರೂಮಿನ ಫ್ಯಾನು ಹಾಕಿ ನೋಡಿ, ನಳ್ಳಿ ತಿರುಗಿಸಿ ನೋಡಿ, ಗೋಡೆ ಮುಟ್ಟಿ ನೋಡಿ. ಮಳೆಗಾಲದಲ್ಲಿ ತೇವ ಹಿಡಿದ ಗೋಡೆಯ ಪಕ್ಕ ಮಲಗಿದರೆ ಮರುದಿನ ಕೆಮ್ಮು ಖಂಡಿತ. ಕಾಞಂಗಾಡಿನ ಆನಂದಾಶ್ರಮ, ನಿತ್ಯಾನಂದಾಶ್ರಮಗಳನ್ನು ಪುಕ್ಕಟೆ ನೋಡಬಹುದು, ನೋಡಬೇಕು ಕೂಡ. ಅವನ್ನು ಅಗ್ಗದ ಲಾಡ್ಜು ಎಂದು ಮಾತ್ರ ಭಾವಿಸಬೇಡಿ.

ರಾತ್ರಿ ಉಳಿದದ್ದರ ನಿಜವಾದ ಲಾಭ ಆಟ (ಯಕ್ಷಗಾನ) ಮತ್ತು ತೆಯ್ಯ (ದೈವದ ವೇಷ ಕಟ್ಟಿ ಕುಣಿಯುವ ಆರಾಧನೆ). ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆ. ಈ ಸೀಮೆಯಲ್ಲಿ ನವೆಂಬರಿನಿಂದ ಮೇ ಕೊನೆಯ ಪತ್ತನಾಜೆ ಎಂಬ ತುಳುವರ ದಿನದವರೆಗೆ ಯಾವುದಾದರೂ ಬಯಲಿನಲ್ಲಿ ಹರಕೆಯ ಬಯಲಾಟ ಇದ್ದೇ ಇರುತ್ತದೆ. ಟಿಕೆಟ್ ಇಲ್ಲ. ಎಷ್ಟೋ ಕಡೆ ಬಂದವರಿಗೆಲ್ಲ ಊಟವೂ ಉಂಟು. ಎಲ್ಲಿದೆ ಎಂದು ತಿಳಿಯಲು ಕನ್ನಡ ದಿನಪತ್ರಿಕೆಯ ಕಾಸರಗೋಡು ಆವೃತ್ತಿಯಲ್ಲಿ ಆ ದಿನದ ಕಾರ್ಯಕ್ರಮಗಳ ಅಂಕಣ ನೋಡಿ, ಬದಿಯಡ್ಕ, ನೀರ್ಚಾಲು ಕಡೆಯ ಬಸ್ ತಂಗುದಾಣದ ಗೋಡೆ ನೋಡಿ. ಎಡನೀರು ಮಠದಲ್ಲೂ ಯಕ್ಷಗಾನ, ಸಂಗೀತ ಆಗಾಗ ನಡೆಯುತ್ತದೆ.

ತೆಯ್ಯ ಬೇಕೆಂದರೆ ದಕ್ಷಿಣಕ್ಕೆ, ಕಾಞಂಗಾಡು, ನೀಲೇಶ್ವರದ ಕಡೆ. ಅಕ್ಟೋಬರ್ ಕೊನೆಯ ಪತ್ತಾಮುದಯದ ನಂತರ ಶುರುವಾಗಿ ಮಳೆಗಾಲ ಹಿಡಿಯುವವರೆಗೆ. ಉತ್ತರದ ತುಳು ಊರುಗಳಲ್ಲಿ ಅದೇ ಕಾಲಕ್ಕೆ ಭೂತಕೋಲ, ನೇಮ. ಇದು ಪ್ರದರ್ಶನವಲ್ಲ, ಆರಾಧನೆ. ಫ್ಲಾಶ್ ಹಾಕಬೇಡಿ, ಅಣಿಯರ ಎಂಬ ಬಣ್ಣ ಬರೆಯುವ ಜಾಗದ ಹತ್ತಿರ ಫೋನು ಹಿಡಿದು ನಿಲ್ಲಬೇಡಿ, ಚಪ್ಪಲಿ ಎಲ್ಲಿ ಬಿಡಬೇಕೆಂದು ಕೇಳಿ. ಬೆಂಕಿಯ ತೆಯ್ಯ ಇದ್ದರೆ ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಬದಿಗೆ ನಿಲ್ಲಿ. ಜನ ಇದ್ದಕ್ಕಿದ್ದಂತೆ ಹಿಂದಕ್ಕೆ ಸರಿದರೆ ಕಾರಣ ಕೇಳದೆ ನೀವೂ ಸರಿಯಿರಿ.

ರಾತ್ರಿ ಎಂಟರ ಮೇಲೆ ಒಳದಾರಿಯ ಬಸ್ಸುಗಳು ವಿರಳ. ಆಟಕ್ಕೆ ಹೋಗುವವರು ಬರುವ ದಾರಿಯನ್ನು ಮೊದಲೇ ನೋಡಿಕೊಳ್ಳಿ. ಬೆಳಗಾಗುವವರೆಗೆ ಕೂತು ಮೊದಲ ಬಸ್ಸಿಗೆ ಬರುವುದೇ ನಮ್ಮ ಹಳೆ ಪದ್ಧತಿ. ಈಗ ಕಾಲಮಿತಿ ಆಟಗಳು ನಡುರಾತ್ರಿಗೇ ಮುಗಿಯುತ್ತವೆ, ಆಗ ಪಕ್ಕದಲ್ಲಿ ಕೂತವರ ಜೀಪಿನಲ್ಲಿ ಜಾಗ ಕೇಳುವುದಕ್ಕೆ ನಾಚಬೇಡಿ.

ಹೊರಡುವ ಹಿಂದಿನ ರಾತ್ರಿ ಒಂದೇ ಒಂದು ಕೆಲಸ

ನಾಳೆ ಹರತಾಳ ಇದೆಯೇ ಎಂದು ಸುದ್ದಿ ನೋಡಿ. ಕೇರಳದಲ್ಲಿ ಹರತಾಳ ಎಂದರೆ ಬಸ್ಸಿಲ್ಲ, ಆಟೋ ಇಲ್ಲ, ಹೋಟೆಲಿಲ್ಲ. ರೈಲು ಮಾತ್ರ ಓಡುತ್ತದೆ. ರೈಲಿನಿಂದ ಇಳಿದ ಮೇಲೆ ನಿಲ್ದಾಣದಲ್ಲೇ ಕೂರಬೇಕಾಗುತ್ತದೆ. ಹಾಗೆ ಸಿಕ್ಕಿಬಿದ್ದರೆ ತಳಂಗರೆಯ ಮಸೀದಿವರೆಗೆ ನಡೆದುಹೋಗಿ ಬಂದು, ಬುತ್ತಿ ಬಿಚ್ಚಿ ಉಂಡು, ಮಧ್ಯಾಹ್ನದ ಪ್ಯಾಸೆಂಜರ್ ಹತ್ತಿ. ಸಂಜೆ ಆರರ ಮೇಲೆ ಬಸ್ಸು ಬಿಡುತ್ತಾರೆ ಎಂದು ಕಾದರೆ ಕೋಟೆಯೂ ಮುಚ್ಚಿರುತ್ತದೆ.